ಬೆನ್ನುಹುರಿಯ ಕಪ್ಪು ಗಡ್ಡೆ: ವರದಿಗೆ ಇನ್ನೊಂದು ಕಣ್ಣು ಬೇಕು

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರೇ,

ಬೆನ್ನುಹುರಿಯ ಹೊದಿಕೆ ಬಿಡಿಸಿದಾಗ ತೀರಾ ಅಪರೂಪಕ್ಕೆ ಮಸಿಯಷ್ಟು ಕಪ್ಪಾದ ಗಡ್ಡೆ ಎದುರಾಗುತ್ತದೆ. ಅದು ಪ್ರಯೋಗಾಲಯಕ್ಕೆ ಬಂದು ನಾವು ಕತ್ತರಿಸುವಾಗ ಕೈಗವಸಿಗೂ ಕಪ್ಪು ಹತ್ತುತ್ತದೆ. ನರಪೊರೆಯ ಮೆಲನಿನ್ ಗಡ್ಡೆಯೋ, ಮಿದುಳುಪೊರೆಯ ಮೆಲನೊಸೈಟೋಮಾವೋ, ಅಲ್ಲೇ ಹುಟ್ಟಿದ ಮೆಲನೋಮಾವೋ, ಚರ್ಮದಿಂದಲೋ ಕಣ್ಣಿನಿಂದಲೋ ಹರಡಿ ಬಂದದ್ದೋ? ನಾಲ್ಕೂ ಕಪ್ಪೇ. ಚಿಕಿತ್ಸೆ, ಆಯಸ್ಸು ಮಾತ್ರ ಬೇರೆ ಬೇರೆ.

ಎಂಆರ್‌ಐ ಅರ್ಧ ದಾರಿ ತೋರಿಸುತ್ತದೆ. ಮೆಲನಿನ್ ಹೆಚ್ಚಿದ್ದರೆ ಗಡ್ಡೆ ಟಿ1 ಚಿತ್ರದಲ್ಲಿ ಬೆಳ್ಳಗೆ, ಟಿ2 ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಒಳಗೆ ರಕ್ತ ಒಸರಿದ ಬೇರೆ ಗಡ್ಡೆಯೂ ಹಾಗೇ ಕಾಣಬಹುದು. ಸೂಕ್ಷ್ಮದರ್ಶಕದಡಿ ಬಣ್ಣವೇ ಅಡ್ಡಿ. ಪರ್ಮಾಂಗನೇಟ್, ಆಕ್ಸಾಲಿಕ್ ಆಮ್ಲ ಹಾಕಿ ಅದನ್ನು ತೆಗೆದ ಮೇಲೆಯೇ ಕೋಶಕೇಂದ್ರಗಳು ಸ್ಪಷ್ಟವಾಗುವುದು. ಇಮ್ಯುನೊ ಪರೀಕ್ಷೆಯ ಮಾಮೂಲಿ ಕಂದು ಬಣ್ಣ ಮೆಲನಿನ್‌ ಜತೆ ಬೆರೆತು ಕಣ್ಣು ಕಟ್ಟುತ್ತದೆ. ಕೆಂಪು ಬಣ್ಣ ಬಳಸುವುದು ಒಳ್ಳೆಯದು. ಇಷ್ಟೆಲ್ಲ ಮಾಡಿದರೂ ಎಸ್100, ಎಚ್‌ಎಂಬಿ45 ಎಂಬ ಗುರುತುಗಳು ನಾಲ್ಕರಲ್ಲೂ ಪಾಸಿಟಿವ್ ಬರಬಹುದು. ಆಗ ಜೀನ್ ಪರೀಕ್ಷೆಯೇ ಗತಿ. ಪಿಆರ್‌ಕೆಎಆರ್1ಎ ಕೆಟ್ಟಿದ್ದರೆ ನರಪೊರೆಯ ಗಡ್ಡೆಯ ಅನುಮಾನ ಬಲವಾಗುತ್ತದೆ. ಬಿಆರ್‌ಎಎಫ್ ಬದಲಾಗಿದ್ದರೆ ಚರ್ಮವನ್ನು ಅಂಗುಲ ಅಂಗುಲ ನೋಡಬೇಕು. ಜಿಎನ್‌ಎಕ್ಯೂ ಆದರೆ ಮೆಲನೊಸೈಟೋಮಾ ಇರಬಹುದು, ಆದರೂ ಕಣ್ಣು ಪರೀಕ್ಷಿಸದೆ ಬಿಡುವಂತಿಲ್ಲ.

ನರಪೊರೆಯ ಗಡ್ಡೆಯನ್ನು ‘ಮೆಲನೋಟಿಕ್ ಶ್ವಾನೋಮಾ’ ಎಂದು ಬರೆದು ನಿರಪಾಯಕಾರಿಗಳ ಸಾಲಿಗೆ ಸೇರಿಸುವ ಕಾಲವೊಂದಿತ್ತು. ವರ್ಷಗಳ ನಂತರವೂ ಅದು ಮರುಕಳಿಸಿ, ಶ್ವಾಸಕೋಶಕ್ಕೆ ಹರಡಿದ ಉದಾಹರಣೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣ ಅದನ್ನು ಮಾರಕ ಗಡ್ಡೆಯೆಂದೇ ಪಟ್ಟಿ ಮಾಡಿದೆ. ಇಂಥ ಕೆಲವು ರೋಗಿಗಳಲ್ಲಿ ಕಾರ್ನಿ ಕಾಂಪ್ಲೆಕ್ಸ್ ಎಂಬ ವಂಶವಾಹಿ ತೊಂದರೆಯೂ ಇರುತ್ತದೆ: ತುಟಿಯ ಮೇಲೆ ಸಣ್ಣ ಕಪ್ಪು ಚುಕ್ಕೆಗಳು, ಹೃದಯದೊಳಗೆ ಮಿಕ್ಸೋಮಾ ಎಂಬ ಗಡ್ಡೆ. ಅದರ ಚೂರು ಕಳಚಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಒಂದು ಎಕೋ ಪರೀಕ್ಷೆಗೆ ಸಿಕ್ಕಿಬೀಳುವ ಅಪಾಯವಿದು. ಬೆನ್ನುಹುರಿಯ ವರದಿ ಓದಿದವರಿಗೆ ಹೃದಯ ನೆನಪಾಗಬೇಕು, ಅಷ್ಟೇ.

ಜಿಲ್ಲೆಗೊಂದು ಜೀನ್ ಪ್ರಯೋಗಾಲಯ ಕೊಡಿ ಎಂದು ನಾನು ಕೇಳುತ್ತಿಲ್ಲ. ವರ್ಷಗಟ್ಟಲೆ ಒಂದೂ ಬಾರದ ಗಡ್ಡೆಗೆ ಅದು ದಂಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಶಾಸ್ತ್ರದ ವಿಭಾಗವೇ ಇದೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ತೆಗೆದ ಬೆನ್ನುಹುರಿಯ ಕಪ್ಪು ಗಡ್ಡೆಯ ಸ್ಲೈಡು, ಪ್ಯಾರಾಫಿನ್ ಬ್ಲಾಕು, ಎಂಆರ್‌ಐ ಮೂರೂ ಅಂಥ ತಜ್ಞರ ಮರುಪರಿಶೀಲನೆಗೆ ಹೋಗಲಿ. ರೋಗಿಯ ಮನೆಯವರು ಬ್ಲಾಕನ್ನು ಚೀಲದಲ್ಲಿಟ್ಟುಕೊಂಡು ರಾತ್ರಿ ಬಸ್ಸು ಹತ್ತುವಂತಾಗದಿರಲಿ. ಕಳಿಸುವ ಹೊಣೆ, ಪರೀಕ್ಷೆಯ ಖರ್ಚು ಎರಡೂ ಸರ್ಕಾರದ್ದಾಗಲಿ. ದಯವಿಟ್ಟು ಈ ಬಗ್ಗೆ ಒಂದು ಸುತ್ತೋಲೆ ಹೊರಡಿಸಿ.

ಇಂತಿ,
ಸರ್ಕಾರಿ ಕಾಲೇಜೊಂದರ ರೋಗಶಾಸ್ತ್ರಜ್ಞ