ಮಕ್ಕಳ ಅರಿವಳಿಕೆ ಸಂಶೋಧನೆ: ತಾಲ್ಲೂಕು ಆಸ್ಪತ್ರೆಗೂ ತಲುಪಲಿ ಫಲ

ಗಂಡಸಿ (ಹಾಸನ ಜಿಲ್ಲೆ): ಅರಸೀಕೆರೆ ತಾಲ್ಲೂಕಿನ ಈ ಹೋಬಳಿಯ ಮಗುವಿಗೆ ಹರ್ನಿಯಾ ಅಥವಾ ಟಾನ್ಸಿಲ್ ಶಸ್ತ್ರಚಿಕಿತ್ಸೆ ಅಗತ್ಯವಾದರೆ ಪಾಲಕರು ನೋಡುವುದು ಅರಸೀಕೆರೆಯತ್ತ, ಇಲ್ಲವೇ 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಹಾಸನದತ್ತ. ಬೋಧನಾ ಆಸ್ಪತ್ರೆಗೆ ದಾಖಲಾಗುವ ಮಗು ರೋಗಿ ಮಾತ್ರವಲ್ಲ, ಕೆಲವೊಮ್ಮೆ ಸಂಶೋಧನೆಯ ಭಾಗವೂ ಆಗುತ್ತದೆ.

ರಾಜ್ಯದ ವೈದ್ಯಕೀಯ ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧ ಸಲ್ಲಿಸುವುದು ಕಡ್ಡಾಯ. ಅರಿವಳಿಕೆ ವಿಭಾಗದಲ್ಲಿ ಮತ್ತೆ ಮತ್ತೆ ಆಯ್ಕೆಯಾಗುವ ವಿಷಯವೆಂದರೆ, ಶಸ್ತ್ರಚಿಕಿತ್ಸೆಗೆ ಮುನ್ನ ಮಕ್ಕಳ ಭಯ ಶಮನಗೊಳಿಸಲು ನೀಡುವ ಔಷಧ. ಇದು ಕ್ಷುಲ್ಲಕ ವಿಷಯವಲ್ಲ. ತಾಯಿಯಿಂದ ಬಲವಂತವಾಗಿ ಬೇರ್ಪಟ್ಟ ಮಗುವಿಗೆ ಅರಿವಳಿಕೆ ನೀಡುವುದು ಕಷ್ಟ. ಮನೆಗೆ ಮರಳಿದ ಮೇಲೂ ಅದು ನಿದ್ದೆಯಲ್ಲಿ ಬೆಚ್ಚಿಬೀಳಬಹುದು.

ಮಿಡಜೋಲಾಮ್ ಬಹುಕಾಲದಿಂದ ಬಳಕೆಯಲ್ಲಿದೆ. ಬಾಯಿಯ ಮೂಲಕ ಕೊಟ್ಟ 20ರಿಂದ 30 ನಿಮಿಷಗಳಲ್ಲಿ ಪರಿಣಾಮ ಕಾಣುತ್ತದೆ, ಆದರೆ ರುಚಿ ಕಹಿ. ಮೂಗಿನ ಮೂಲಕ ನೀಡುವ ಡೆಕ್ಸ್‌ಮೆಡಿಟೊಮಿಡಿನ್ ಉಸಿರಾಟವನ್ನು ಕುಗ್ಗಿಸುವುದು ಕಡಿಮೆ. ಆದರೆ ಪರಿಣಾಮಕ್ಕೆ 30ರಿಂದ 45 ನಿಮಿಷ ಕಾಯಬೇಕು, ಹೃದಯ ಬಡಿತವೂ ಇಳಿಯಬಹುದು. ಅಷ್ಟೂ ಹೊತ್ತು ಮಗುವಿನ ಮೇಲೆ ನಿಗಾ ಇಡುವವರು ಯಾರು ಎಂಬುದೇ ಮುಖ್ಯ ಪ್ರಶ್ನೆ. ತಜ್ಞರು, ಸಹಾಯಕರು, ಉಪಕರಣಗಳು ಜೊತೆಗಿರುವ ಕಾಲೇಜಿನಲ್ಲಿ ದೊರೆತ ಫಲಿತಾಂಶವನ್ನು, ಅರಿವಳಿಕೆ ತಜ್ಞರೊಬ್ಬರೇ ಎಲ್ಲವನ್ನೂ ನಿಭಾಯಿಸಬೇಕಾದ ಆಸ್ಪತ್ರೆಗೆ ಯಥಾವತ್ತಾಗಿ ಅನ್ವಯಿಸಲಾಗದು.

ಇನ್ನೊಂದು ಕೊರತೆ ಅವಧಿಯದು. ಇಂಥ ಪ್ರಬಂಧಗಳು ಹೆಚ್ಚಾಗಿ ಒಂದೇ ಆಸ್ಪತ್ರೆಯ ಕೆಲವೇ ಹತ್ತಾರು ಮಕ್ಕಳಿಗೆ ಸೀಮಿತ. ಮಗು ಎಚ್ಚರಗೊಳ್ಳುವುದರೊಂದಿಗೆ ಅಧ್ಯಯನವೂ ಮುಗಿಯುತ್ತದೆ. ಅರಿವಳಿಕೆಯಿಂದ ಶಿಶುಗಳ ಮೆದುಳಿಗೆ ಧಕ್ಕೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಅಂತಾರಾಷ್ಟ್ರೀಯ ಅಧ್ಯಯನ, ಏಳು ದೇಶಗಳ 28 ಆಸ್ಪತ್ರೆಗಳ 722 ಶಿಶುಗಳನ್ನು ಒಳಗೊಂಡಿತ್ತು. ಒಂದು ಗಂಟೆಯೊಳಗಿನ ಅರಿವಳಿಕೆಯಿಂದ ಐದರ ಹರೆಯದಲ್ಲಿ ಬುದ್ಧಿಶಕ್ತಿ ಕುಂದಿಲ್ಲವೆಂದು 2019ರಲ್ಲಿ ಅದು ಹೇಳಿತು. ವರ್ಷಗಟ್ಟಲೆ ಬೆನ್ನುಹತ್ತದೆ ಈ ಉತ್ತರ ಸಿಗುತ್ತಿರಲಿಲ್ಲ.

ಒಪ್ಪಿಗೆಯ ಪ್ರಶ್ನೆಯೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಪಾಲಕರ ಸಮ್ಮತಿಯ ಜೊತೆಗೆ, 7ರಿಂದ 12 ವರ್ಷದ ಮಕ್ಕಳ ಮೌಖಿಕ ಒಪ್ಪಿಗೆ, ನಂತರದ ವಯಸ್ಸಿನವರ ಲಿಖಿತ ಒಪ್ಪಿಗೆ ಬೇಕು. ತೆಂಗಿನ ತೋಟದ ಕೆಲಸ ಬಿಟ್ಟು ಬಂದ ತಂದೆಗೆ, ಇದು ಸಂಶೋಧನೆ, ಬೇಡವೆಂದರೂ ಚಿಕಿತ್ಸೆ ನಿಲ್ಲದು ಎಂಬುದನ್ನು ಸರಳ ಕನ್ನಡದಲ್ಲಿ ತಿಳಿಸದಿದ್ದರೆ ಆ ಸಹಿಗೆ ಅರ್ಥವಿಲ್ಲ.

ಪ್ರತಿ ಕಾಲೇಜೂ ಅದೇ ಸಣ್ಣ ಅಧ್ಯಯನವನ್ನು ಪುನರಾವರ್ತಿಸುವ ಬದಲು ಹಲವು ಕಾಲೇಜುಗಳು ಒಂದೇ ವಿಧಾನದಡಿ ಒಗ್ಗೂಡಬೇಕು. ತಾಲ್ಲೂಕು ಆಸ್ಪತ್ರೆಗಳನ್ನೂ ಸೇರಿಸಿಕೊಳ್ಳಬೇಕು. ಹಳ್ಳಿಯ ಮಗುವಿನಿಂದ ಪಡೆದ ಜ್ಞಾನ ಗ್ರಂಥಾಲಯದ ಕಪಾಟಿನಲ್ಲಿ ಉಳಿದರೆ ಪದವಿ ದೊರೆತೀತು, ಮುಂದಿನ ಮಗುವಿನ ಅಳು ನಿಲ್ಲದು.