ಸಂಕದ ಹುಡುಗಿಗೆ ಒಂದು ಹೆಸರಿತ್ತು

ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಕಡೆ ಯಾವ ಕನ್ನಡ ಶಾಲೆಯಲ್ಲಿ ಕಲಿತವರನ್ನ ಕೇಳಿದ್ರೂ ಒಂದು ದೆವ್ವ ಸಿಕ್ಕೇ ಸಿಗುತ್ತೆ. ಕುಮಟಾದ ಗೆಳೆಯನ ಶಾಲೆಯಲ್ಲಿ ಅದು ಯಾವಾಗಲೂ ಬೀಗ ಹಾಕಿರುತ್ತಿದ್ದ ಹಿಂದಿನ ಕೋಣೆಯಲ್ಲಿತ್ತಂತೆ. ಭಟ್ಕಳದವಳೊಬ್ಬಳ ಶಾಲೆಯಲ್ಲಿ ಬಾವಿಕಟ್ಟೆಯ ಮೇಲೆ. ದೆವ್ವ ಇಲ್ಲದ ಶಾಲೆ ಅಂದ್ರೆ ಗಂಟೆ ಇಲ್ಲದ ಶಾಲೆ ಇದ್ದಹಾಗೆ, ಏನೋ ಕೊರತೆ ಅನ್ನಿಸ್ತಿತ್ತು ನಮಗೆ. ತೊಂಬತ್ತರ ದಶಕದಲ್ಲಿ "ನಾಳೆ ಬಾ" ಗಾಳಿಸುದ್ದಿ ಹಬ್ಬಿ ರಾಜ್ಯದ ಎಷ್ಟೋ ಊರುಗಳಲ್ಲಿ ಮನೆ ಬಾಗಿಲ ಮೇಲೆಲ್ಲ ಸೀಮೆಸುಣ್ಣದ ಬರಹ ಬಂತಲ್ಲ, ಆಗ ಊರಿನ ದೊಡ್ಡವರೇ ಹೆದರಿ ಕೂತಿದ್ದನ್ನ ನೋಡಿ ನಾವು ಮಕ್ಕಳು ಮುಸಿಮುಸಿ ನಕ್ಕಿದ್ದೆವು. ನಮಗೆ ಅದೇನು ಹೊಸದಾ? ನಮ್ಮ ಶಾಲೆಗೆ ಸ್ವಂತದ್ದೇ ಒಂದಿತ್ತು!

ನಮ್ಮದು ಹೊನ್ನಾವರ ತಾಲೂಕಿನಲ್ಲಿ ಗುಡ್ಡದ ಬುಡದ ಊರು. ಶಾಲೆಗೂ ಆಚೆ ಕೇರಿಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಮೊಣಕಾಲು ಮುಳುಗದಷ್ಟು ನೀರು, ಆಟಿಯಲ್ಲಿ ಕೆಂಪಗೆ ಕುದಿಯುವ ಹೊಳೆ. ದಾಟುವುದಕ್ಕೆ ಸಂಕ. ಗೊತ್ತಿಲ್ಲದವರಿಗೆ ಹೇಳ್ತೇನೆ, ಸಂಕ ಅಂದ್ರೆ ಸೇತುವೆ ಅಂದ್ಕೋಬೇಡಿ. ಎರಡೋ ಮೂರೋ ಅಡಿಕೆ ಮರ ಅಡ್ಡ ಹಾಕಿ, ಮೇಲೆ ದಬ್ಬೆ ಕಟ್ಟಿ, ಕೈಗೆ ಒಂದು ಬಿದಿರು ಸಿಕ್ಕಿದ್ರೆ ಪುಣ್ಯ. ಮಳೆ ಹಿಡಿದು ಎಂಟು ದಿನಕ್ಕೆ ಹಾವಸೆ ಬೆಳೆದು ಸೋಪು ಸವರಿದ ಹಾಗಾಗುತ್ತೆ.

ಆ ಸಂಕದ ಮೇಲೆ "ಸಂಕದ ಹುಡುಗಿ" ಇದ್ದಳು. ಜಿಟಿಜಿಟಿ ಮಳೆಯ ಹೊತ್ತಲ್ಲಿ ಒಬ್ಬರೇ ದಾಟಿದ್ರೆ ಹಿಂದಿನಿಂದ ಬಂದು "ಹದಿನೇಳರ ಮಗ್ಗಿ ಹೇಳು" ಅಂತಾಳೆ. ಹೇಳಿದ್ರೆ ಬಿಡ್ತಾಳೆ. ತಪ್ಪಿದ್ರೆ ಕಾಲು ಹಿಡಿದು ಎಳೀತಾಳೆ. ನಗಬೇಡಿ, ನಮ್ಮ ಶಾಲೆಯಲ್ಲಿ ಹದಿನೇಳರ ಮಗ್ಗಿ ಬರದ ಹುಡುಗರೇ ಇರಲಿಲ್ಲ :-) ಹದಿನಾರು, ಹದಿನೆಂಟು ಕೇಳಿದ್ರೆ ತಡವರಿಸ್ತಿದ್ದೆವು.

ಕತೆಯ ಹಿಂದಿನ ಹುಡುಗಿಯ ವಿಷಯ ನನಗೆ ಗೊತ್ತಾಗಿದ್ದು ಬಹಳ ವರ್ಷದ ಮೇಲೆ, ಚಿಕ್ಕಮ್ಮನಿಂದ. ಯಾವುದೋ ಮದುವೆಮನೆಯಲ್ಲಿ ನಾವೆಲ್ಲ ಮಕ್ಕಳಿಗೆ ಈ ಕತೆ ಹೇಳಿ ಹೆದರಿಸ್ತಾ ಇದ್ದಾಗ ಎಲೆ ಒರೆಸ್ತಾ ಕೂತಿದ್ದ ಚಿಕ್ಕಮ್ಮ ತಲೆ ಎತ್ತದೇ ಹೇಳಿದಳು, "ದೆವ್ವ ಗಿವ್ವ ಎಂತದೂ ಅಲ್ಲ ಮಾರಾಯ. ನನ್ನ ಪಕ್ಕವೇ ಕೂರ್ತಿತ್ತು ಅದು." ಆಮೇಲೆ ಕೇಳಿ ಕೇಳಿ ಹೊರಡಿಸಿದ್ದು ಇಷ್ಟು. ನಾಲ್ಕನೇ ಈಯತ್ತೆಯ ಹುಡುಗಿ. ಮಗ್ಗಿಯಲ್ಲಿ ಬಲು ಚುರುಕು. ದಾರಿಯುದ್ದಕ್ಕೂ ಗಟ್ಟಿಯಾಗಿ ಮಗ್ಗಿ ಹೇಳಿಕೊಳ್ತಾ ಬರೋದು ಅವಳ ಅಭ್ಯಾಸ, ಹಿಂದೆ ಬರೋ ಚಿಕ್ಕವರಿಂದಲೂ ಹೇಳಿಸೋದು. ಜುಲೈನ ಒಂದು ಮಧ್ಯಾಹ್ನ ಮಳೆ ಜೋರಾಯ್ತು ಅಂತ ಅಕ್ಕೋರು ಬೇಗ ಬಿಟ್ಟರು. ಮುಂದಿನ ಇಬ್ಬರು ದಾಟಿದ್ರು. ಮೂರನೆಯವಳು ಅವಳು. ದಬ್ಬೆ ಮಗುಚಿಕೊಂಡಿತು. ಮರುದಿನ ಕೆಳಗಿನ ತಿರುವಿನಲ್ಲಿ ಸಿಕ್ಕಳು.

ಚಿಕ್ಕಮ್ಮ ಇನ್ನೊಂದು ಮಾತು ಹೇಳಿದಳು, ನನಗೆ ಇಡೀ ಕತೆಯಲ್ಲಿ ಮುಖ್ಯ ಅನ್ನಿಸಿದ್ದು ಅದೇ. ಪ್ರತಿ ವರ್ಷ ಮಳೆಗೆ ಮೊದಲು ಸಂಕ ಹೊಸದಾಗಿ ಹಾಕಬೇಕು. ಒಂದು ವರ್ಷ ಈಚೆಯವರು, ಒಂದು ವರ್ಷ ಆಚೆಯವರು. ಆ ವರ್ಷ ಸರದಿ ಯಾರದ್ದು ಅಂತ ಮಾತಿಗೆ ಮಾತು ಬೆಳೆದು ಯಾರೂ ಹಾಕಲಿಲ್ಲ. ಹಿಂದಿನ ವರ್ಷದ ದಬ್ಬೆಯೇ ಇತ್ತು.

ನೋಡಿ ಈಗ. ಕತೆಯಲ್ಲಿ ಏನೇನು ಉಳೀತು, ಏನು ಹೋಯ್ತು? ಮಗ್ಗಿ ಉಳೀತು. ಸಂಕ ಉಳೀತು. ಮಳೆ ಉಳೀತು. ಹುಡುಗಿಯ ಹೆಸರು ಹೋಯ್ತು, ಹಳಸಿದ ದಬ್ಬೆ ಹೋಯ್ತು, ಎರಡು ಕೇರಿಯ ಜಗಳ ಹೋಯ್ತು. ಬಿದ್ದವಳೇ ಈಗ ಎಳೆಯುವವಳು! ದೊಡ್ಡವರು ಯಾರೂ ಕೂತು ಈ ಕತೆ ಹೆಣೆದಿರಲಿಕ್ಕಿಲ್ಲ, ಮಕ್ಕಳ ಬಾಯಲ್ಲೇ ಬೆಳೆದಿರುತ್ತೆ. ಆದ್ರೆ ಬೆಳೆಯುವಾಗ ಯಾರೂ "ಹಾಗಲ್ಲ ಮಕ್ಕಳೇ" ಅನ್ನಲಿಲ್ಲವಲ್ಲ. ಅನ್ನದೇ ಇರೋದು ಎರಡೂ ಕೇರಿಗೂ ಅನುಕೂಲವಾಗಿತ್ತು ಅಂತ ನನ್ನ ಗುಮಾನಿ.

ಅವಳ ಹೆಸರು ನನಗೀಗ ಗೊತ್ತು. ಆದ್ರೆ ಇಲ್ಲಿ ಬರೆಯಲ್ಲ, ಮನೆಯವರು ಅಲ್ಲೇ ಇದ್ದಾರೆ. ಅವಳಿಗೊಬ್ಬ ತಮ್ಮ ಇದ್ದ. ಅವನು ಅದೇ ಶಾಲೆಗೆ ಸೇರುವ ಹೊತ್ತಿಗೆ ಕತೆ ಹುಟ್ಟಿಯಾಗಿತ್ತು. ಹುಡುಗರು ಅವನನ್ನ "ದೆವ್ವದ ತಮ್ಮ" ಅಂತ ಕರೀತಿದ್ರಂತೆ. ಎರಡು ವರ್ಷ ತಡ್ಕೊಂಡು ಅಪ್ಪ ಅವನನ್ನ ಸೋದರಮಾವನ ಮನೆಯಲ್ಲಿಟ್ಟು ಬೇರೆ ಶಾಲೆಗೆ ಸೇರಿಸಿದ್ರು. ಶಾಲೆಯ ದೆವ್ವದ ಕತೆ ಅಂದ ಕೂಡಲೇ "ಅಯ್ಯೋ ಬಾಲ್ಯದ ಸವಿನೆನಪು" ಅಂತ ಕರಗಿಹೋಗುವವರಿಗೆ ನಾನು ಹೇಳೋದು ಇದನ್ನೇ. ನಮ್ಮ ಸವಿನೆನಪಿನ ಒಳಗೆ ಒಬ್ಬ ಹುಡುಗ ಶಾಲೆ ಬಿಟ್ಟು ಹೋಗಿದ್ದಾನೆ.

"ದೆವ್ವದ ಹೆದರಿಕೆ ಇದ್ರೆ ಮಕ್ಕಳು ನೀರಿನ ಹತ್ತಿರ ಹೋಗಲ್ಲ, ಒಳ್ಳೇದೇ ಅಲ್ವಾ" ಅನ್ನೋ ವಾದ ಒಂದಿದೆ. ನಮ್ಮ ಊರಿನಲ್ಲೇ ಎಷ್ಟೋ ಜನ ಹೇಳಿದ್ದಾರೆ. ಕೇಳಲಿಕ್ಕೆ ಸರಿ ಅನ್ನಿಸುತ್ತೆ. ಆದ್ರೆ ಅಲ್ಲಿ ಓಡಾಡಿದವನಾಗಿ ಹೇಳ್ತೇನೆ, ಆ ಕತೆಯಿಂದ ಸಂಕ ಬಿಟ್ಟು ಬೇರೆ ದಾರಿ ಹಿಡಿದವರು ಯಾರೂ ಇಲ್ಲ, ಬೇರೆ ದಾರಿ ಇದ್ರೆ ತಾನೇ? ನಾವು ಮಾಡ್ತಿದ್ದುದು ಏನು ಗೊತ್ತಾ? ಅವಳು ಬಂದು ಕೇಳೋದರೊಳಗೆ ದಾಟಿಬಿಡಬೇಕು ಅಂತ ಸಂಕದ ಮೇಲೆ ಓಡ್ತಿದ್ದೆವು. ಹಾವಸೆ ಹಿಡಿದ ದಬ್ಬೆಯ ಮೇಲೆ, ಒಂದು ಕೈಯಲ್ಲಿ ಕೊಡೆ, ಬೆನ್ನಿಗೆ ಪಾಟಿಚೀಲ, ಬಾಯಲ್ಲಿ ಹದಿನೇಳರ ಮಗ್ಗಿ, ಓಟ! ಜಾರಿ ಬೀಳೋದಕ್ಕೆ ಇದಕ್ಕಿಂತ ಒಳ್ಳೆ ಉಪಾಯ ಇನ್ನೊಂದಿಲ್ಲ. ನೀರು ಯಾವ ಕಲ್ಲು ಮುಳುಗಿಸಿದ್ರೆ ದಾಟಬಾರದು, ಮುಂದಿನವರು ಇಳಿದ ಮೇಲೆಯೇ ಹತ್ತಬೇಕು, ಇವನ್ನೆಲ್ಲ ಯಾರೂ ಹೇಳಿಕೊಡಲಿಲ್ಲ. ದೆವ್ವ ಇತ್ತಲ್ಲ, ಅದು ನೋಡಿಕೊಳ್ಳುತ್ತೆ ಅಂತ.

ನಮ್ಮಲ್ಲಿ ಮಾತ್ರ ಹೀಗೆ ಅಂತಲ್ಲ. ಜಪಾನಿನ ಶಾಲೆಗಳಲ್ಲಿ ಹನಾಕೋ ಅನ್ನುವ ಹುಡುಗಿಯ ದೆವ್ವ ಭಾರೀ ಪ್ರಸಿದ್ಧ. ಮೂರನೇ ಮಹಡಿಯ ಹುಡುಗಿಯರ ಟಾಯ್ಲೆಟ್ಟಿನಲ್ಲಿ ಮೂರನೇ ಬಾಗಿಲು ಮೂರು ಸಲ ಬಡಿದು ಕರೆದ್ರೆ ಓಗೊಡ್ತಾಳಂತೆ. ಯುದ್ಧಕಾಲದ ಬಾಂಬ್ ದಾಳಿಯಲ್ಲಿ ಸತ್ತವಳು ಅಂತ ಒಂದು ಕಡೆ ಹೇಳಿದ್ರೆ ಇನ್ನೊಂದು ಕಡೆ ಬೇರೆಯೇ ಕತೆ. ಅಲ್ಲೂ ಅಷ್ಟೇ, ಬಾಗಿಲ ಲೆಕ್ಕ ಪಕ್ಕಾ, ಹುಡುಗಿ ಮಾತ್ರ ಮಸುಕು.

ವಿಚಿತ್ರ ಅಂದ್ರೆ ನಮ್ಮ ನೆಲದಲ್ಲೇ ಸತ್ತವರನ್ನ ನೆನಪಿಡುವ ಬೇರೊಂದು ಕ್ರಮ ಇತ್ತು. ವೀರಗಲ್ಲು, ಮಾಸ್ತಿಕಲ್ಲು ನೋಡಿರ್ತೀರಿ, ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕಡೆ ತೋಟದ ಬೇಲಿ ಬದಿಯಲ್ಲೂ ನಿಂತಿವೆ. ಬರಹ ಇರುವ ವೀರಗಲ್ಲು ಓದಿದ್ರೆ ಸತ್ತವನ ಹೆಸರು ಇರುತ್ತೆ, ಯಾರ ಆಳ್ವಿಕೆ ಅಂತ ಇರುತ್ತೆ, ತುರುಗಾಳಗವೋ ಊರಳಿವೋ ಅಂತಲೂ ಇರುತ್ತೆ. ಕೆಳಗಿನ ಪಟ್ಟಿಕೆಯಲ್ಲಿ ಅವನು ಸತ್ತ ಜಗಳ, ಮೇಲೆ ಅಪ್ಸರೆಯರು, ಅದರ ಮೇಲೆ ಕೈಲಾಸ. ಸ್ವರ್ಗಕ್ಕೆ ಕಳಿಸಿದ್ರೂ ಹೇಗೆ ಸತ್ತ ಅನ್ನೋದನ್ನ ಅಳಿಸಲಿಲ್ಲ ನೋಡಿ. ದನ ಬಿಡಿಸಲಿಕ್ಕೆ ಹೋಗಿ ಸತ್ತವನಿಗೆ ಕಲ್ಲು. ಶಾಲೆಗೆ ಹೋಗಿ ಸತ್ತವಳಿಗೆ ದೆವ್ವದ ಪಟ್ಟ.

ಇದೆಲ್ಲ ಹಳೇ ಕತೆ, ಈಗ ಎಲ್ಲಾ ಕಡೆ ರಸ್ತೆ ಆಗಿದೆ ಅನ್ನಬೇಡಿ. 2022ರ ಆಗಸ್ಟ್ ತಿಂಗಳು ನೆನಪು ಮಾಡ್ಕೊಳ್ಳಿ. ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ಕು ಜನ ಹೋದರು. ಅದರ ಮುಂದಿನ ವಾರವೇ, ಆಗಸ್ಟ್ 8ರಂದು, ಭಟ್ಕಳ ದಾಟಿದ ಕೂಡಲೇ ಸಿಗುವ ಬೈಂದೂರು ತಾಲೂಕಿನ ಕಾಲ್ತೋಡು ಗ್ರಾಮದ ಬೀಜಮಕ್ಕಿಯಲ್ಲಿ ಎರಡನೇ ಕ್ಲಾಸಿನ ಹುಡುಗಿ ಶಾಲೆ ಬಿಟ್ಟು ಮನೆಗೆ ಬರ್ತಾ ಕಾಲುಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದಳು. ಎರಡು ದಿನ ಹುಡುಕಿದ ಮೇಲೆ ಶವ ಸಿಕ್ಕಿತು. ಏಳು ವರ್ಷದ ಮಗು. ಪೇಪರಿನಲ್ಲಿ ಫೋಟೋ ನೋಡಿದಾಗ ನನಗೆ ಮೊದಲು ನೆನಪಾಗಿದ್ದೇ ಹದಿನೇಳರ ಮಗ್ಗಿ.

ಸಂಕಕ್ಕೆ ದುಡ್ಡೇ ಇಲ್ಲ, ಯೋಜನೆಯೇ ಇಲ್ಲ ಅಂತೇನಲ್ಲ. ಇಂಥ ಕಡೆಗಾಗಿಯೇ ಲೋಕೋಪಯೋಗಿ ಇಲಾಖೆಯಲ್ಲಿ "ಶಾಲಾ ಸಂಪರ್ಕ ಸೇತು" ಅನ್ನುವ ಯೋಜನೆ ಬೀಜಮಕ್ಕಿಯ ಘಟನೆಗೆ ಮೊದಲೇ ಬಂದಿತ್ತು. ಹೆಸರು ಚೆನ್ನಾಗಿದೆ. ಘಟನೆ ಆದ ಮೇಲೆ ಉಡುಪಿ ಜಿಲ್ಲೆಯಲ್ಲಿ ಉದ್ಯೋಗ ಖಾತ್ರಿಯಲ್ಲೂ ಹಲವು ಕಾಲುಸಂಕ ಕಟ್ಟಿದರು. ಕಟ್ಟಿದ್ದು ಒಳ್ಳೇದಾಯ್ತು. ಆದ್ರೆ ಒಂದು ಮಗು ಹೋದ ಮೇಲೇ ಪಟ್ಟಿ ತಯಾರಾಗೋದು ಯಾಕೆ ಅನ್ನೋದು ಪ್ರಶ್ನೆ. ಕಷ್ಟದ ಕೆಲಸ ಅಂತೀರಾ? ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಮೊದಲ ತೂಗುಸೇತುವೆ ಹಾಕಿದರು. ಹಳ್ಳ ಅಲ್ಲ, ಹೊಳೆ! ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಒಬ್ಬ ಇಂಜಿನಿಯರಿಂದ ಆಗೋದು ಒಂದು ಇಲಾಖೆಯಿಂದ ಆಗಲ್ಲ ಅಂದ್ರೆ ಅಡ್ಡಿಯಾಗಿರೋದು ನೀರಂತೂ ಅಲ್ಲ.

ಇನ್ನೊಂದು ತಮಾಷೆ ಕೇಳಿ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ಕ್ಕೆ ಜಾರಿಗೆ ಬಂತು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರಿನೊಳಗೆ, ಎಂಟರವರೆಗಿನವರಿಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕು ಅಂತ ಲೆಕ್ಕ. ಕೇಂದ್ರದ ಮಾದರಿ ನಿಯಮದಲ್ಲಿ ನೆರೆ, ಭೂಕುಸಿತದ ಅಪಾಯ ಇರುವ, ರಸ್ತೆ ಇಲ್ಲದ ಕಡೆ ಈ ದೂರವನ್ನೂ ಕಡಿಮೆ ಮಾಡಿ ಶಾಲೆ ಕೊಡಬೇಕು ಅಂತ ಬರೆದಿದೆ. ಎಷ್ಟು ಚೆಂದ! ನಮ್ಮೂರಲ್ಲಿ ಆಚೆ ಕೇರಿಯಿಂದ ಶಾಲೆಗೆ ಒಂದು ಕಿಲೋಮೀಟರೂ ಇಲ್ಲ, ಸಂಕ ದಾಟಿದ್ರೆ. ರಸ್ತೆ ಹಿಡಿದು ಸುತ್ತಿ ಬಂದ್ರೆ ಐದರ ಮೇಲಾಗುತ್ತೆ. ಕಾಗದದಲ್ಲಿ ಅಳೆಯುವವರಿಗೆ ಹಳ್ಳ ಕಾಣೋದಿಲ್ಲ. ಮಕ್ಕಳ ಸಂಖ್ಯೆ ಕಡಿಮೆ ಅಂತ ಆಚೆಯ ಶಾಲೆಗೆ ಬೀಗ ಹಾಕುವಾಗಲೂ ಇದೇ ಅಳತೆ ನಡೆದ್ರೆ ಚಿಕ್ಕ ಕಾಲುಗಳಿಗೆ ಇನ್ನೊಂದು ಹಳ್ಳ ಸೇರಿಕೊಳ್ಳುತ್ತೆ ಅಷ್ಟೆ.

ಹಾಗಂತ ದೆವ್ವದ ಕತೆಯನ್ನೇ ಬಂದ್ ಮಾಡಿ ಅಂತ ನಾನು ಹೇಳ್ತಿಲ್ಲ. ಮಳೆಗಾಲದ ಸಂಜೆ, ಕರೆಂಟು ಹೋಗಿ, ಹಲಸಿನ ಹಪ್ಪಳ ಸುಟ್ಟುಕೊಂಡು ಕೂತಾಗ ಬ್ರಹ್ಮರಾಕ್ಷಸ, ಮೋಹಿನಿ ಇಲ್ಲದೇ ಆಗುತ್ತಾ? ಅವಕ್ಕೆ ಅಪ್ಪ ಅಮ್ಮ ತಮ್ಮ ಇಲ್ಲ, ಎಷ್ಟು ಬೇಕಾದ್ರೂ ಹೇಳಿ. ಆದ್ರೆ ಯಾವ ಕತೆಯ ಹಿಂದೆ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಗುವಿದೆಯೋ ಅದನ್ನ ಕತೆಯಾಗಿ ಬಿಡೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಮಾಸ್ತರ್ರು, ಅಕ್ಕೋರಿಗೆ ಇದು ಗೊತ್ತಿರುತ್ತೆ. ಗೊತ್ತಿಲ್ಲದಿದ್ರೆ ಊರಲ್ಲಿ ಯಾರಾದ್ರೂ ಚಿಕ್ಕಮ್ಮ ಇದ್ದೇ ಇರ್ತಾರೆ. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ವಾರವೇ ಮಕ್ಕಳನ್ನ ಸಾಲಾಗಿ ಸಂಕದ ತನಕ ಕರೆದುಕೊಂಡು ಹೋಗಿ, ಇಲ್ಲಿ ನಿಮ್ಮ ಶಾಲೆಯ ಹುಡುಗಿ ಬಿದ್ದಳು, ಅವಳಿಗೆ ಮಗ್ಗಿ ಚೆನ್ನಾಗಿ ಬರ್ತಿತ್ತು, ದಬ್ಬೆ ಹಳತಾಗಿತ್ತು, ನೀರು ಆ ಕಲ್ಲಿನ ಮೇಲೆ ಬಂದ್ರೆ ಶಾಲೆಯಲ್ಲೇ ನಿಲ್ಲಿ, ನಾವು ಮನೆಗೆ ಹೇಳಿ ಕಳಿಸ್ತೇವೆ ಅಂತ ಹೇಳಿದ್ರೆ ಅರ್ಧ ಗಂಟೆಯ ಕೆಲಸ. ಮಕ್ಕಳು ಹೆದರಬಹುದು. ಹೆದರಲಿ, ಈ ಸಲ ಸರಿಯಾದ್ದಕ್ಕೆ ಹೆದರ್ತಾರೆ.

ನಮ್ಮ ಹಳ್ಳಕ್ಕೆ ಈಗ ಸಿಮೆಂಟಿನ ಸಂಕ ಬಂದಿದೆ. ಎರಡು ಮಳೆಗಾಲದ ಹಿಂದೆ ಮರದ ದಿಮ್ಮಿ ತೇಲಿ ಬಂದು ಹೊಡೆದು ಒಂದು ಬದಿಯ ಕೈಪಿಡಿ ಕಿತ್ತುಹೋಗಿತ್ತು. ಹೋದ ಸಲ ಊರಿಗೆ ಹೋದಾಗಲೂ ಹಾಗೇ ಇತ್ತು, ಯಾರು ಹಾಕಿಸಬೇಕು ಅಂತ ಮಾತುಕತೆ ನಡೀತಾ ಇದೆಯಂತೆ.