ಸೊಂಟ ವಾಸಿಯಾದರೆ ಸಾಕೇ?

ಮೂಟೆ ಹೊರುವವನೋ ಗಾರೆ ಕೆಲಸದವನೋ ಸೊಂಟ ಹಿಡಿದು ಮಲಗಿದರೆ, ನೋಡಲು ಹೋದವರೆಲ್ಲ ಕೇಳುವುದು ಎರಡೇ ಪ್ರಶ್ನೆ. ಸ್ಕ್ಯಾನಿಂಗ್‌ನಲ್ಲಿ ಏನು ಬಂತು? ವೈದ್ಯರು ಎಷ್ಟು ದಿನ ವಿಶ್ರಾಂತಿ ಹೇಳಿದ್ದಾರೆ? ಗುಣವಾದ ಮೇಲೆ ಅವನಿಗೆ ಯಾವ ಕೆಲಸ ಸಿಗಲಿದೆ ಎಂದು ವಿಚಾರಿಸುವವರು ವಿರಳ. ಆದರೆ ಆತ ಮತ್ತೆ ದುಡಿಮೆಗೆ ಮರಳುವನೇ ಇಲ್ಲವೇ ಎಂಬುದು ಈ ಮೂರನೆಯ ಪ್ರಶ್ನೆಯನ್ನೇ ಬಹಳಮಟ್ಟಿಗೆ ಅವಲಂಬಿಸಿದೆ.

‘ಡಿಸ್ಕ್ ಉಬ್ಬಿದೆ’ ಎಂಬ ವರದಿ ಕೈಗೆ ಬಂದೊಡನೆ ಮನೆಮಂದಿ ಆತನ ದುಡಿಮೆಯ ಕಾಲ ಮುಗಿಯಿತೆಂದು ಭಾವಿಸುತ್ತಾರೆ. 1994ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಎಂಆರ್‌ಐ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಇಂತಹ ಉಬ್ಬು ಕಂಡಿತ್ತು. ವಿಶ್ರಾಂತಿಯ ವಿಷಯವೂ ಹೀಗೆಯೇ. ಫಿನ್‌ಲ್ಯಾಂಡ್‌ನ ಹೆಲ್ಸಿಂಕಿ ನಗರಾಡಳಿತದ ನೌಕರರನ್ನು ಕುರಿತು 1995ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎರಡು ದಿನ ಹಾಸಿಗೆಯಲ್ಲಿ ಮಲಗಿದವರಿಗಿಂತ, ನೋವು ಬಿಟ್ಟಷ್ಟು ಮಟ್ಟಿಗೆ ದಿನಚರಿಯನ್ನು ಮುಂದುವರಿಸಿದವರೇ ಬೇಗ ಚೇತರಿಸಿಕೊಂಡರು. ಕಾಲು ಬಲಗುಂದಿದರೆ, ಮೂತ್ರದ ಹತೋಟಿ ತಪ್ಪಿದರೆ, ಬಿದ್ದು ಮೂಳೆ ಮುರಿದಿದ್ದರೆ ಮಾತು ಬೇರೆ. ಆಗ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ ‘ಏಳಬೇಡ, ಬಗ್ಗಬೇಡ’ ಎಂದು ಪ್ರೀತಿಯಿಂದಲೇ ಕಟ್ಟಿಹಾಕುವ ನಾವು ಆತನಲ್ಲಿ ಭಯವನ್ನು ಬೆಳೆಸುತ್ತೇವೆ. ನೋವು ಇಳಿದ ಮೇಲೂ ಈ ಭಯ ಇಳಿಯುವುದಿಲ್ಲ.

ಹಾಗೆಂದು ಎಲ್ಲವನ್ನೂ ಮನೆಯವರ ತಲೆಗೆ ಕಟ್ಟುವುದು ಅನ್ಯಾಯ. ಕೆನಡಾದ ಕ್ವಿಬೆಕ್ ಪ್ರಾಂತದ ಶೆರ್‌ಬ್ರೂಕ್‌ನಲ್ಲಿ ಬೆನ್ನುನೋವಿನಿಂದ ನಾಲ್ಕು ವಾರಕ್ಕೂ ಹೆಚ್ಚು ಕಾಲ ಕೆಲಸದಿಂದ ದೂರವಿದ್ದ ಕಾರ್ಮಿಕರನ್ನು ಗುಂಪುಗಳಾಗಿ ವಿಂಗಡಿಸಿ ನೋಡಲಾಯಿತು. ಒಂದು ಗುಂಪಿಗೆ ಚಿಕಿತ್ಸೆಯನ್ನಷ್ಟೇ ನೀಡದೆ, ತಜ್ಞರು ಕೆಲಸದ ಸ್ಥಳಕ್ಕೇ ಹೋಗಿ ಕಾರ್ಮಿಕ ಮತ್ತು ಆಡಳಿತದವರೊಡನೆ ಕುಳಿತು, ಕೆಲಸದ ರೀತಿಯನ್ನು ಹೇಗೆ ಬದಲಿಸಬಹುದೆಂದು ಚರ್ಚಿಸಿದರು. ಈ ಗುಂಪಿನವರು ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ 2.4 ಪಟ್ಟು ವೇಗವಾಗಿ ಕೆಲಸಕ್ಕೆ ಮರಳಿದರೆಂದು 1997ರಲ್ಲಿ ಪ್ರಕಟವಾದ ಫಲಿತಾಂಶ ಹೇಳುತ್ತದೆ.

ಆದರೆ ನಮ್ಮ ಹಮಾಲನ ವಿಷಯದಲ್ಲಿ ಆ ತಜ್ಞರು ಯಾರೊಡನೆ ಕುಳಿತು ಮಾತನಾಡಬೇಕು? ವರ್ತಕನು ಮೇಸ್ತ್ರಿಯನ್ನು ತೋರಿಸುತ್ತಾನೆ, ಮೇಸ್ತ್ರಿ ಲಾರಿಯವನನ್ನು. ಇಎಸ್‌ಐ ವ್ಯಾಪ್ತಿಗೆ ಬರುವ ಕಾರ್ಖಾನೆಯ ನೌಕರ ಕೆಲಸದ ವೇಳೆ ಗಾಯಗೊಂಡರೆ, ದುಡಿಯಲಾಗದಷ್ಟು ಕಾಲ ವೇತನದ ಶೇಕಡಾ 90ರಷ್ಟು ಪರಿಹಾರ ಸಿಗುತ್ತದೆ. ಹಮಾಲನಿಗಾದರೋ ಅಂದು ಹೊತ್ತರೆ ಅಂದಿನ ಅನ್ನ. ಆದ್ದರಿಂದ ಆತ ಒಂದೋ ವಾಸಿಯಾಗುವ ಮೊದಲೇ 50 ಕಿಲೋ ಮೂಟೆಗೆ ಬೆನ್ನೊಡ್ಡುತ್ತಾನೆ, ಇಲ್ಲವೇ ಮತ್ತೆಂದೂ ಹೋಗುವುದಿಲ್ಲ. ಇವೆರಡರ ನಡುವೆ ಕೆಲವು ವಾರ ಹಗುರ ಚೀಲ ಹೊರುವ, ತೂಕ ನೋಡುವ, ಚೀಟಿ ಬರೆಯುವ ಮೆಟ್ಟಿಲೊಂದು ಅವನಿಗಿಲ್ಲ. ವಯಸ್ಕ ಪುರುಷನ ಮೇಲೆ ಹೊರಿಸುವ ಭಾರ 55 ಕಿಲೋ ಮೀರಿದ್ದರೆ ಅದನ್ನು ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಅದೂ ಗಟ್ಟಿಮುಟ್ಟಾದ ಬೆನ್ನಿನ ಲೆಕ್ಕ.

ಇಂಥವರ ಶಸ್ತ್ರಚಿಕಿತ್ಸೆಗೆಂದು ಮೊಹಲ್ಲಾಗಳಲ್ಲಿ ಚಂದಾ ಎತ್ತುವುದನ್ನು ನಾವು ಕಂಡಿದ್ದೇವೆ. ಒಳ್ಳೆಯದೇ. ಅಂಗಡಿ, ಗೋದಾಮುಗಳ ಒಡೆಯರೂ ಅದೇ ಮೊಹಲ್ಲಾದಲ್ಲಿದ್ದಾರೆ. ಚಂದಾ ಪಟ್ಟಿಯಲ್ಲಿ ಹೆಚ್ಚಾಗಿ ಅವರ ಹೆಸರೇ ಮೊದಲಿಗಿರುತ್ತದೆ. ಅವರ ಮುಂದೆ ಆ ಪಟ್ಟಿ ಹಿಡಿದವರು, ‘ಹಣ ಇರಲಿ, ಆರು ವಾರ ಅವನನ್ನು ನಿಮ್ಮ ತಕ್ಕಡಿಯ ಬಳಿ ಕೂರಿಸಿ ಕೂಲಿ ಕೊಡಿ’ ಎಂದು ಕೇಳಿದ್ದನ್ನು ಮಾತ್ರ ನಾವು ಇನ್ನೂ ಕಂಡಿಲ್ಲ.